ಸೊನ್ನೆಯನ್ನು ಸೊನ್ನೆ ಎಂದು ಬರೆಯಲು ಬಿಡಿ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ

ವಿಷಯ: ನಮ್ಮ ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಸೇರಿಸುವ ಡೋಸಿಂಗ್ ಪಂಪು ಹದಿನಾಲ್ಕು ತಿಂಗಳಿಂದ ಕೆಟ್ಟು ನಿಂತಿರುವುದು ಮತ್ತು ಅದನ್ನು ದುರಸ್ತಿ ಮಾಡಿಸಬೇಕಾದವರು ಯಾರೆಂದು ಯಾರಿಗೂ ತಿಳಿಯದಿರುವುದು.

ಮಾನ್ಯರೇ,

ನಾನು ಪಟ್ಟಣವೊಂದರ ನೀರು ಶುದ್ಧೀಕರಣ ಘಟಕದಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿ ದುಡಿದು ನಿವೃತ್ತನಾದವನು. ಈಗ ಹುಟ್ಟೂರಿನಲ್ಲಿದ್ದೇನೆ. ಊರಿನ ಹೆಸರು ತಮ್ಮ ಕಚೇರಿಗೆ ಈಗಾಗಲೇ ಕೊಟ್ಟಿರುವ ಮೂರು ಅರ್ಜಿಗಳಲ್ಲಿ ಇದೆ. ಈ ಬಹಿರಂಗ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಮೊದಲ ನೋಟಿಸು ಬರುವುದು ನಮ್ಮ ನೀರುಗಂಟಿಯ ಮನೆಗೆ ಎಂದು ಅನುಭವದಿಂದ ಬಲ್ಲೆ. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪತ್ರದಲ್ಲಿ ಅವನ ಮೇಲೆ ದೂರಿಲ್ಲ. (ನನ್ನ ಕೊನೆಯ ತಮ್ಮನ ಓರಗೆಯವನು, ಅದಕ್ಕೇ ಏಕವಚನ. ಅಗೌರವವೆಂದು ಓದಬಾರದು.)

ಯಂತ್ರದ ವಿಚಾರಕ್ಕೆ ಬರುತ್ತೇನೆ. ನಮ್ಮ ಓವರ್‌ಹೆಡ್ ಟ್ಯಾಂಕು ಐವತ್ತು ಸಾವಿರ ಲೀಟರಿನದು. ಅದರ ಬುಡದಲ್ಲಿರುವ ಪಂಪ್‌ಹೌಸಿನ ಗೋಡೆಗೆ ಎರಡು ಇಟ್ಟಿಗೆ ಜೋಡಿಸಿದಷ್ಟು ದೊಡ್ಡದಾದ ಡೋಸಿಂಗ್ ಪಂಪನ್ನು ಕೂರಿಸಿದ್ದಾರೆ. ಕೆಳಗೆ ನೂರು ಲೀಟರಿನ ಪ್ಲಾಸ್ಟಿಕ್ ತೊಟ್ಟಿ. ತೊಟ್ಟಿಯಲ್ಲಿರುವ ಕ್ಲೋರಿನ್ ದ್ರಾವಣವನ್ನು ಗುಟುಕು ಗುಟುಕಾಗಿ ಹೀರಿ, ಕೊಳವೆಬಾವಿಯಿಂದ ಟ್ಯಾಂಕಿಗೆ ಏರುವ ಪೈಪಿನೊಳಕ್ಕೆ ತಳ್ಳುವುದು ಪಂಪಿನ ಕೆಲಸ. ಒಳಗೆ ಅಂಥ ಮಾಯವೇನೂ ಇಲ್ಲ. ಅಂಗೈಗಿಂತ ಚಿಕ್ಕದಾದ ಒಂದು ಡಯಾಫ್ರಮ್, ಅಂದರೆ ಬಾಗುವ ಪೊರೆ, ಹಿಂದೆ ಮುಂದೆ ಆಡುತ್ತದೆ. ಅದರ ಕೆಳಗೊಂದು ಮೇಲೊಂದು ವಾಲ್ವ್, ಪ್ರತಿ ವಾಲ್ವಿನೊಳಗೂ ಕಡಲೆಕಾಳಿನಷ್ಟು ಗಾತ್ರದ ಗುಂಡು. ತೊಟ್ಟಿಯ ತಳದಲ್ಲಿ ಜಾಲರಿ ಇರುವ ಫುಟ್ ವಾಲ್ವ್. ಪೈಪಿಗೆ ದ್ರಾವಣ ಸೇರುವ ಜಾಗದಲ್ಲಿ ಇಂಜೆಕ್ಷನ್ ವಾಲ್ವ್. ಇಷ್ಟೇ. ಮಿಕ್ಸಿ ಬಿಚ್ಚಿ ಜೋಡಿಸಬಲ್ಲ ಯಾರೇ ಆದರೂ ಒಂದು ದಿನ ಕಲಿಸಿದರೆ ಇದನ್ನೂ ಬಿಚ್ಚಿ ಜೋಡಿಸಬಲ್ಲರು.

ಉದ್ಘಾಟನೆಯಾದ ಮೇಲೆ ಏಳು ತಿಂಗಳು ಅದು ಚೆನ್ನಾಗಿಯೇ ಓಡಿತು. ಆಮೇಲೆ ಹಾಳಾಯಿತು. ಯಾಕೆ ಹಾಳಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಬೇಡುತ್ತೇನೆ, ಏಕೆಂದರೆ ಕಡತದಲ್ಲಿ ಇರುವುದು "ನಿರ್ವಹಣೆಯ ಕೊರತೆ" ಎಂಬ ಎರಡೇ ಪದ. ಆ ಎರಡು ಪದಗಳಲ್ಲಿ ತಪ್ಪೆಲ್ಲ ನೀರುಗಂಟಿಯದು ಎಂಬ ಧ್ವನಿಯಿದೆ.

ಈ ಪಂಪು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿಗೆ ಚೆನ್ನಾಗಿ ಹೊಂದುತ್ತದೆ. ನಮಗೆ ಸರಬರಾಜಾಗುವುದು ಬ್ಲೀಚಿಂಗ್ ಪೌಡರ್. ಪಂಪು ಕೊಂಡ ಕೈ ಒಂದು, ಪೌಡರಿಗೆ ಇಂಡೆಂಟ್ ಹಾಕುವ ಕೈ ಇನ್ನೊಂದು. ಎರಡೂ ಕೈಗಳು ಯಾವತ್ತೂ ಕುಲುಕಿಕೊಂಡಂತಿಲ್ಲ. ಪೌಡರಿನಿಂದ ಪಂಪು ನಡೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ, ನಡೆಯುತ್ತದೆ. ಆದರೆ ಪೌಡರಿನಲ್ಲಿ ಸುಣ್ಣವಿದೆ, ಅದು ಪೂರ್ತಿ ಕರಗುವುದಿಲ್ಲ. ಒಂದು ತೊಟ್ಟಿಯಲ್ಲಿ ಸಂಜೆಯೇ ಕಲಸಿಟ್ಟು, ರಾತ್ರಿಯೆಲ್ಲ ಗಸಿ ಇಳಿಯಲು ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ತೊಟ್ಟಿಗೆ ಬಸಿದುಕೊಳ್ಳಬೇಕು. ಪಂಪಿನ ಕೊಳವೆ ಇರಬೇಕಾದ್ದು ಆ ಎರಡನೆಯ ತೊಟ್ಟಿಯಲ್ಲಿ. ನಮಗೆ ಕೊಟ್ಟಿರುವುದು ಒಂದೇ ತೊಟ್ಟಿ. ಇನ್ನೊಂದು ಅಂದಾಜು ಪಟ್ಟಿಯಲ್ಲಿ ಇರಲಿಲ್ಲವಂತೆ. ಹಾಗಾಗಿ ಕಲಸುವುದೂ ಅದರಲ್ಲೇ, ಹೀರುವುದೂ ಅದರಿಂದಲೇ. ಗಸಿ ಫುಟ್ ವಾಲ್ವಿನ ಜಾಲರಿಗೆ ಮೆತ್ತಿಕೊಂಡಿತು, ಸಣ್ಣ ಗುಂಡುಗಳ ಕೆಳಗೆ ಹರಳುಗಟ್ಟಿತು.

ಇನ್ನೊಂದು ತುದಿಯಲ್ಲಿ ನಮ್ಮ ನೀರೇ ಶತ್ರು. ನಮ್ಮ ಕೊಳವೆಬಾವಿಯದು ಗಡಸು ನೀರು. ಬಚ್ಚಲಿನ ಹಂಡೆಯ ಒಳಗೆ ವರ್ಷಕ್ಕೊಂದು ಪದರ ಸುಣ್ಣ ಕಟ್ಟುವುದನ್ನು ನಮ್ಮ ಕಡೆಯ ಹೆಂಗಸರೆಲ್ಲ ಬಲ್ಲರು. ಕ್ಲೋರಿನ್ ದ್ರಾವಣ ಕ್ಷಾರಗುಣದ್ದು. ಅದು ಗಡಸು ನೀರಿಗೆ ತಾಗುವ ಜಾಗದಲ್ಲಿ, ಅಂದರೆ ಇಂಜೆಕ್ಷನ್ ವಾಲ್ವಿನ ಬಾಯಿಯಲ್ಲಿ, ಅದೇ ಸುಣ್ಣ ಇನ್ನೂ ಬೇಗ ಕಟ್ಟುತ್ತದೆ. ಪಂಪು ಮುಚ್ಚಿದ ಬಾಯಿಯ ವಿರುದ್ಧ ವಾರಗಟ್ಟಲೆ ತಳ್ಳಿತು. ಕೊನೆಗೆ ಡಯಾಫ್ರಮ್ ಹರಿಯಿತು. ತಿಂಗಳಿಗೊಮ್ಮೆ ಆ ವಾಲ್ವನ್ನು ಬಿಚ್ಚಿ, ಮೊದಲು ಬರಿಯ ನೀರಿನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಅಡುಗೆಮನೆಯ ವಿನಿಗರಿನಲ್ಲಿ ನೆನೆಹಾಕಿದ್ದರೆ ಸಾಕಾಗಿತ್ತು. "ಮೊದಲು ಬರಿಯ ನೀರಿನಲ್ಲಿ" ಎಂಬುದನ್ನು ಒತ್ತಿ ಬರೆಯುತ್ತಿದ್ದೇನೆ. ಕ್ಲೋರಿನ್ ದ್ರಾವಣ ಉಳಿದಿರುವ ಭಾಗಕ್ಕೆ ಆಮ್ಲ ತಾಗಿದರೆ ವಿಷಾನಿಲ ಏಳುತ್ತದೆ. ಇದನ್ನು ನಮ್ಮ ನೀರುಗಂಟಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ತಾನಾಗಿಯೇ ವಾಲ್ವ್ ಬಿಚ್ಚಿ, ಕಕ್ಕಸು ತೊಳೆಯುವ ಆಸಿಡ್ ಸುರಿದು ತೊಳೆಯಲು ಹೋಗದಿದ್ದುದು ನಮ್ಮೆಲ್ಲರ ಪುಣ್ಯ.

ವಿದ್ಯುತ್ತಿನ ಕಥೆಯೂ ಇದೆ. ಕೊಳವೆಬಾವಿಯ ಮೋಟಾರು ಓಡುವುದು ಮೂರು ಫೇಸಿನ ಕರೆಂಟಿನಲ್ಲಿ. ಡೋಸಿಂಗ್ ಪಂಪಿಗೆ ತಂತಿ ಎಳೆದಿರುವುದು ಪಂಪ್‌ಹೌಸಿನ ಬಲ್ಬಿನ ಸಾಲಿನಿಂದ. ಎರಡಕ್ಕೂ ಸಂಬಂಧವಿಲ್ಲ. ಮೋಟಾರು ನಿಂತಿರುವಾಗ ಪಂಪು ನಿಂತ ನೀರಿಗೆ ಕ್ಲೋರಿನ್ ಸುರಿಯುತ್ತಿತ್ತು. ನಡುರಾತ್ರಿ ಮೋಟಾರು ತಾನಾಗಿ ಎದ್ದಾಗ ಪಂಪಿನ ಸ್ವಿಚ್ಚು ಆರಿರುತ್ತಿತ್ತು. ಮೋಟಾರಿನ ಸ್ಟಾರ್ಟರಿಗೇ ಪಂಪನ್ನು ಜೋಡಿಸಿ, ಎರಡೂ ಒಟ್ಟಿಗೆ ಎದ್ದು ಒಟ್ಟಿಗೆ ಮಲಗುವ ಹಾಗೆ ಮಾಡುವುದು ಎಲೆಕ್ಟ್ರಿಷಿಯನ್ ಒಬ್ಬನಿಗೆ ಒಂದು ಗಂಟೆಯ ಕೆಲಸ. ಕಾಮಗಾರಿ ಪೂರ್ಣಗೊಂಡಿದೆ ಎಂದು ಸಹಿ ಹಾಕಿದವರು ಸ್ವಿಚ್ಚು ಒತ್ತಿ ನೋಡಿದ್ದರು. ದೀಪ ಹತ್ತಿತ್ತು, ಅಷ್ಟು ಸಾಕಾಯಿತು.

ಈಗ ಕಡತದ ಪ್ರಯಾಣ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದೆ. ಯಂತ್ರ ತಮಗೆ ಹಸ್ತಾಂತರವಾಗಿಲ್ಲ, ಗುತ್ತಿಗೆದಾರರದೇ ನಿರ್ವಹಣೆ ಎಂದರು. ಗುತ್ತಿಗೆದಾರರ ಕಡೆಯವರು ಯಂತ್ರ ಹಸ್ತಾಂತರವಾಗಿದೆ, ಕಾಗದ ಉಪವಿಭಾಗದಲ್ಲಿದೆ ಎಂದರು. ಉಪವಿಭಾಗದಲ್ಲಿ ಡಯಾಫ್ರಮ್ ಉಪಭೋಗ್ಯ ವಸ್ತು, ಅದು ದುರಸ್ತಿಯ ಲೆಕ್ಕಕ್ಕೆ ಬರುವುದಿಲ್ಲ, ಪಂಚಾಯಿತಿಯೇ ಕೊಳ್ಳಬೇಕು ಎಂದರು. ಮರಳಿ ಪಂಚಾಯಿತಿಗೆ ಬಂದರೆ, ಕೊಳ್ಳಲು ಮೂರು ಕಡೆಯ ದರಪಟ್ಟಿ ಬೇಕು, ಇದನ್ನು ಮಾರುವ ಅಂಗಡಿ ಜಿಲ್ಲೆಯಲ್ಲೇ ಇಲ್ಲ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎರಡು ಕಡೆ ಚಹಾ ಕೂಡ ಕೊಟ್ಟರು. ನಾನು ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನು ಮಾಡಿ ವಿಚಾರಿಸಿದೆ. ಡಯಾಫ್ರಮ್, ಎರಡು ವಾಲ್ವ್, ಫುಟ್ ವಾಲ್ವ್, ನಾಲ್ಕು ಮೀಟರ್ ಕೊಳವೆ, ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ಒಳಗೆ. ಈ ಕಚೇರಿಗಳಿಗೆ ತಿರುಗಿದ ನನ್ನ ಬಸ್ ಖರ್ಚು ಅದಕ್ಕೆ ಸಮೀಪ ಬಂದಿದೆ.

ಸ್ವಂತ ದುಡ್ಡಿನಲ್ಲಿ ತಂದು ಹಾಕಿಬಿಡಿ ಎಂದು ಊರಿನ ಕೆಲವರು ಸಲಹೆ ಕೊಟ್ಟರು. ಅದನ್ನೂ ಯೋಚಿಸಿದೆ. ಆದರೆ ಸರ್ಕಾರದ ಯಂತ್ರವನ್ನು ನಿವೃತ್ತ ಮನುಷ್ಯನೊಬ್ಬ ಬಿಚ್ಚಿದರೆ, ನಾಳೆ ಅದು ಬೇರೇನಕ್ಕೋ ಕೆಟ್ಟಾಗ ಕೆಡಿಸಿದವನು ನಾನಾಗುತ್ತೇನೆ. ಅಲ್ಲದೆ ಪಕ್ಕದ ಊರಿನಲ್ಲಿ ನನ್ನಂಥವನೊಬ್ಬ ಇಲ್ಲ. ಅಲ್ಲಿಯೂ ಪಂಪು ಹೀಗೆಯೇ ನಿಂತಿದೆ.

ಹದಿನಾಲ್ಕು ತಿಂಗಳಿಂದ ಏನು ನಡೆಯುತ್ತಿದೆ ಎಂದರೆ, ನೀರುಗಂಟಿ ಬಕೆಟ್ಟಿನಲ್ಲಿ ಪೌಡರ್ ಕಲಸಿಕೊಂಡು, ಅದನ್ನು ಒಂದು ಕೈಯಲ್ಲಿ ಹಿಡಿದು, ಟ್ಯಾಂಕಿನ ಕಬ್ಬಿಣದ ಏಣಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹತ್ತುತ್ತಾನೆ. ಮೇಲೆ ಮುಚ್ಚಳ ತೆಗೆದು ಸುರಿಯುತ್ತಾನೆ. ಕೈಗವಸಿಲ್ಲ, ಮುಖಕ್ಕೆ ಹೆಗಲ ಮೇಲಿನ ಟವಲು. ಸುರಿದದ್ದು ಟ್ಯಾಂಕಿನಲ್ಲಿ ಸಮನಾಗಿ ಬೆರೆಯುವುದಿಲ್ಲ. ಮೊದಲ ಅರ್ಧ ಗಂಟೆ ನಲ್ಲಿ ಬಿಟ್ಟವರಿಗೆ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ. ಅವರು ಬೈಯುತ್ತಾರೆ. ಬೈಗುಳ ಜಾಸ್ತಿಯಾದ ವಾರ ಅವನು ಕಡಿಮೆ ಹಾಕುತ್ತಾನೆ, ಮಳೆ ಬಂದು ಏಣಿ ಜಾರುವ ದಿನ ಹಾಕುವುದೇ ಇಲ್ಲ. ಮಳೆ ಬರುವ ದಿನವೇ ಹಾಕಲೇಬೇಕಾದ ದಿನ ಎಂಬುದು ತಮಗೆ ಗೊತ್ತಿದೆ.

ಎಷ್ಟು ಹಾಕಬೇಕು? ಈ ಪ್ರಶ್ನೆಗೆ ನಮ್ಮ ಪಂಪ್‌ಹೌಸಿನ ಗೋಡೆಯಲ್ಲಿ ಉತ್ತರವಿಲ್ಲ. ಲೆಕ್ಕ ಕಷ್ಟದ್ದಲ್ಲ. ಲೀಟರಿಗೆ ಎರಡು ಮಿಲಿಗ್ರಾಂ ಕ್ಲೋರಿನ್ ಕೊಡಬೇಕೆಂದರೆ ಐವತ್ತು ಸಾವಿರ ಲೀಟರಿಗೆ ನೂರು ಗ್ರಾಂ ಕ್ಲೋರಿನ್ ಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ದೊರೆಯುತ್ತದೆ, ಅಂದರೆ ಪೌಡರ್ ಮುನ್ನೂರು ಗ್ರಾಂ. ಆದರೆ ಅದು ಒಳ್ಳೆಯ ಪೌಡರಿನ ಲೆಕ್ಕ. ಬಾಯಿ ಬಿಚ್ಚಿದ ಚೀಲ ಶೆಖೆಗೆ, ತೇವಕ್ಕೆ, ಬೆಳಕಿಗೆ ದಿನದಿನಕ್ಕೂ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಚೀಲ ಪಂಪ್‌ಹೌಸಿನ ಸೋರುವ ಮೂಲೆಯಲ್ಲಿ ಕಳೆದ ಬೇಸಿಗೆಯಿಂದ ಕೂತಿದೆ. ಅದರಲ್ಲಿ ನೂರಕ್ಕೆ ಹದಿನೈದು ಉಳಿದಿದ್ದರೆ ಆರುನೂರೈವತ್ತು ಗ್ರಾಂ ಮೀರಿ ಬೇಕು; ಎಷ್ಟು ಉಳಿದಿದೆ ಎಂದು ಯಾರೂ ಪರೀಕ್ಷೆ ಮಾಡಿಸಿಲ್ಲ. ಗಂಟುಗಂಟಾಗಿರುವುದನ್ನು, ವಾಸನೆ ಇಳಿದಿರುವುದನ್ನು ನೋಡಿದರೆ ನನಗಂತೂ ಅದರ ಮೇಲೆ ನಂಬಿಕೆ ಇಲ್ಲ. ನೀರುಗಂಟಿಯ ಅಳತೆ ಒಂದು ತೆಂಗಿನ ಚಿಪ್ಪು. ಚಿಪ್ಪು ಬದಲಾಗಿಲ್ಲ, ಪೌಡರ್ ಬದಲಾಗಿದೆ.

ಕುಡಿಯುವ ನೀರಿನ ರಾಷ್ಟ್ರೀಯ ಮಾನಕ ಐಎಸ್ 10500. ಅದು ಹೇಳುವಂತೆ ಕ್ಲೋರಿನ್ ಹಾಕಿದ ನೀರು ಬಳಸುವವರ ಮನೆ ತಲುಪಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಟ್ಯಾಂಕಿನಲ್ಲಿ ಅಲ್ಲ, ಮನೆಯಲ್ಲಿ. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ನಮ್ಮದು ದಿನಕ್ಕೆ ಒಂದು ಹೊತ್ತು ಮಾತ್ರ ನೀರು ಬಿಡುವ ವ್ಯವಸ್ಥೆ. ಬಿಟ್ಟಾಗ ಪೈಪಿನಲ್ಲಿ ಒತ್ತಡ, ನಿಲ್ಲಿಸಿದಾಗ ಪೈಪು ಖಾಲಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಪೈಪು ಚರಂಡಿ ದಾಟುವ ಕಡೆ ಒಂದು ಜಾಯಿಂಟ್ ಸೋರುತ್ತಿದ್ದರೆ ಏನನ್ನು ಎಳೆದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಗ ಕಾಯುವುದು ನೀರಿನಲ್ಲಿ ಉಳಿದಿರುವ ಆ ಇಷ್ಟೇ ಇಷ್ಟು ಕ್ಲೋರಿನ್. ನಮ್ಮೂರಿನಲ್ಲಿ ಪೈಪು ಎರಡು ಕಡೆ ಚರಂಡಿ ದಾಟುತ್ತದೆ, ಎರಡೂ ದಾಟಿದ ಮೇಲೆ ಸಿಗುವುದು ಕಡೆಯ ಬೀದಿ. ಪ್ರತಿ ಊರಿನಲ್ಲೂ ಪೈಪಿನ ಕಡೆಯಲ್ಲಿ ಇರುವವರು ಯಾರು ಎಂದು ಈ ಜಿಲ್ಲೆಯನ್ನು ಸುತ್ತಿರುವ ತಮಗೆ ಗೊತ್ತು.

ಕಳೆದ ಆಷಾಢದಲ್ಲಿ ಅದೇ ಬೀದಿಯ ಹನ್ನೊಂದು ಮಂದಿಗೆ ವಾಂತಿಭೇದಿ ಆಯಿತು. ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ನೀರಿನಿಂದಲೇ ಆಯಿತು ಎಂದು ನಾನು ಸಾಧಿಸಲಾರೆ. ಆ ವಾರ ಊರಿನಲ್ಲಿ ಒಂದು ಬೀಗರ ಊಟವೂ ಇತ್ತು. ಆದರೆ ಆ ಬೀದಿಯ ನಲ್ಲಿಯ ನೀರನ್ನು ನಾನೇ ಎರಡು ಸಲ ಪರೀಕ್ಷಿಸಿದೆ, ಕ್ಲೋರಿನ್ ಇದ್ದರೆ ಬರಬೇಕಾದ ಬಣ್ಣ ಎರಡು ಸಲವೂ ಬರಲಿಲ್ಲ. ಆರೋಗ್ಯ ಇಲಾಖೆಯವರು ಬಂದು ಓಆರ್‌ಎಸ್ ಹಂಚಿದರು, ನೀರಿನ ಮಾದರಿ ತೆಗೆದುಕೊಂಡು ಹೋದರು. ಹೊಸದೊಂದು ಚೀಲ ಪೌಡರ್ ಬಂತು. ಹಿರಿಯ ಅಧಿಕಾರಿಯೊಬ್ಬರು ಟ್ಯಾಂಕಿನ ಬುಡದಲ್ಲಿ ನಿಂತು ಸೂಚನೆಗಳನ್ನು ಕೊಟ್ಟರು, ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಅವರ ಹೆಗಲಿನ ಹಿಂದೆ ಕೆಟ್ಟುನಿಂತ ಪಂಪು ಕಾಣುತ್ತದೆ. ಅವರು ಹಿಂತಿರುಗಿ ನೋಡಲಿಲ್ಲ.

ನನ್ನ ನಿಜವಾದ ದೂರು ಇರುವುದು ಪಂಪ್‌ಹೌಸಿನ ಮೊಳೆಗೆ ನೇತುಹಾಕಿರುವ ರಿಜಿಸ್ಟರಿನ ಬಗ್ಗೆ. ಅದರಲ್ಲಿ ದಿನವೂ ಉಳಿಕೆ ಕ್ಲೋರಿನ್ ಬರೆಯಬೇಕು. ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಪಂಪು ಓಡುತ್ತಿದ್ದಾಗ 0.5, ಪಂಪು ನಿಂತ ಮೇಲೂ 0.5, ಊರಹಬ್ಬದ ದಿನ ನೀರೇ ಬಿಡದಿದ್ದಾಗಲೂ 0.5. ಪರೀಕ್ಷೆಗೆಂದು ಕೊಟ್ಟ ಕ್ಲೋರೋಸ್ಕೋಪಿನ ಔಷಧದ ಬಾಟಲಿ ಅವಧಿ ಮುಗಿದು ಕಂದುಬಣ್ಣಕ್ಕೆ ತಿರುಗಿದೆ. ಇದೇನಪ್ಪಾ ಎಂದು ನೀರುಗಂಟಿಯನ್ನು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಅಣ್ಣಾ, ಸೊನ್ನೆ ಬರೆದರೆ ಯಾಕೆ ಸೊನ್ನೆ ಎಂದು ಕೇಳುತ್ತಾರೆ. ಅರ್ಧ ಬರೆದರೆ ಯಾರೂ ಕೇಳುವುದಿಲ್ಲ" ಎಂದ. ಪಂಪು ನಿಂತ ಮೊದಲ ತಿಂಗಳು ಅವನು ಸೊನ್ನೆಯನ್ನೇ ಬರೆದಿದ್ದನಂತೆ. ತಪಾಸಣೆಗೆ ಬಂದವರು ಪಂಪು ಯಾಕೆ ಕೆಟ್ಟಿದೆ ಎಂದು ಕೇಳಲಿಲ್ಲ, ಯಾಕೆ ಸೊನ್ನೆ ಬರೆದೆ ಎಂದು ಕೇಳಿದರು. ಆ ಪುಟ ಈಗ ರಿಜಿಸ್ಟರಿನಲ್ಲಿ ಇಲ್ಲ.

ಕೆಲಸದಲ್ಲಿದ್ದಾಗ ತರಬೇತಿಯೊಂದರಲ್ಲಿ ಕೆನಡಾದ ಒಂದು ಪುಟ್ಟ ಪಟ್ಟಣದ ಪ್ರಸಂಗವನ್ನು ಹೇಳಿದ್ದರು. ಆ ಮೇಲೆ ನಾನೂ ಹುಡುಕಿ ಓದಿದೆ. ಒಂಟಾರಿಯೊ ಪ್ರಾಂತದ ವಾಕರ್ಟನ್, ಸುಮಾರು ಐದು ಸಾವಿರ ಜನರ ಊರು. 2000ದ ಮೇ ತಿಂಗಳಿನಲ್ಲಿ ಜೋರು ಮಳೆ ಬಂದು, ಹತ್ತಿರದ ಹೊಲದ ಸಗಣಿ ಗೊಬ್ಬರದ ಸೂಕ್ಷ್ಮಾಣುಗಳು ಊರಿನ ಆಳವಿಲ್ಲದ ಬಾವಿಗೆ ಇಳಿದವು. ಕ್ಲೋರಿನ್ ಸಾಲದಷ್ಟು ಹಾಕುತ್ತಿದ್ದರು. ಅದೇ ತಿಂಗಳು ಇನ್ನೊಂದು ಬಾವಿಯನ್ನು ಕ್ಲೋರಿನ್ ಯಂತ್ರವೇ ಇಲ್ಲದೆ ದಿನಗಟ್ಟಲೆ ಓಡಿಸಿದ್ದರು. ಏಳು ಜನ ಸತ್ತರು, ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ತನಿಖೆಯಾದಾಗ ರಿಜಿಸ್ಟರಿನಲ್ಲಿ ಸಿಕ್ಕಿದ್ದು ಏನು? 0.5, 0.75. ಅಳೆಯದೆ ಬರೆದ ಅಂಕಿಗಳು. ಓದುವಾಗ ನನಗೆ ನಮ್ಮ ಮೊಳೆಗೆ ನೇತಾಡುವ ಪುಸ್ತಕವೇ ಕಣ್ಣಮುಂದೆ ಬಂತು. ನ್ಯಾಯಮೂರ್ತಿ ಓಕಾನರ್ ಅವರ ವಿಚಾರಣಾ ಆಯೋಗ ಆಪರೇಟರುಗಳ ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ಅವರನ್ನು ಬೈದು ಅಲ್ಲಿಗೇ ಕಡತ ಕಟ್ಟಲೂ ಇಲ್ಲ. ಅವರಿಗೆ ಸರಿಯಾದ ತರಬೇತಿ ಇರಲಿಲ್ಲ ಎಂದಿತು, ಪರಿಸರ ಇಲಾಖೆಯ ತಪಾಸಣೆ ಸಡಿಲವಾಗಿತ್ತು ಎಂದಿತು, ಸರ್ಕಾರ ಖರ್ಚು ಕಡಿತ ಮಾಡಿದ್ದನ್ನೂ ಎತ್ತಿ ಹೇಳಿತು. ಉಳಿಕೆ ಕ್ಲೋರಿನ್ನನ್ನು ಸದಾ ಅಳೆಯುವ ಯಂತ್ರ ಆ ಬಾವಿಗಿದ್ದಿದ್ದರೆ ಅನಾಹುತವನ್ನು ತಪ್ಪಿಸಬಹುದಿತ್ತು ಎಂದಿತು. ಇನ್ನೊಂದು ವಿವರ ನನ್ನನ್ನು ತುಂಬ ಕಾಡಿತು: ಆ ಆಪರೇಟರುಗಳು ಕ್ಲೋರಿನ್ ಹಾಕದ ಬಾವಿ ನೀರನ್ನೇ ತಾವೂ ಕುಡಿಯುತ್ತಿದ್ದರು. ಅದು ಒಳ್ಳೆಯ ನೀರು ಎಂದೇ ನಂಬಿದ್ದರು. ನಮ್ಮ ನೀರುಗಂಟಿಯ ಮನೆ ಇರುವುದೂ ಕಡೆಯ ಬೀದಿಯಲ್ಲೇ.

ಕೆನಡಾವರೆಗೆ ಹೋಗಬೇಕಾಗಿಯೂ ಇರಲಿಲ್ಲ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, 2024ರಲ್ಲಿ ಮೈಸೂರಿನ ಪಕ್ಕದ ಸಾಲುಂಡಿ. ಕಲುಷಿತ ನೀರು ಕುಡಿದು ಜನ ಸತ್ತರೆಂಬ ಸುದ್ದಿಯನ್ನು ಮೂರು ವರ್ಷ ಮೂರು ಬಾರಿ ಓದಿದ್ದೇವೆ. ಪ್ರತಿ ಸಲವೂ ಪರಿಹಾರದ ಚೆಕ್ಕಿನ ಸುದ್ದಿ, ಅಮಾನತಿನ ಸುದ್ದಿ ಬೆನ್ನಿಗೇ ಬರುತ್ತದೆ. ಯಾವುದೋ ವಾಲ್ವ್ ಬದಲಾಯಿಸಿದರು ಎಂಬ ಸುದ್ದಿಯನ್ನು ನಾನು ಇನ್ನೂ ಓದಿಲ್ಲ.

ನಾನಿದ್ದ ಪಟ್ಟಣದಲ್ಲಿ ಎಲ್ಲವೂ ಸರಿಯಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಕ್ಲೋರಿನ್ ಅನಿಲದ ಸಿಲಿಂಡರುಗಳಿದ್ದವು. ಸಿಲಿಂಡರಿಗೂ ಅನಿಲವನ್ನು ನೀರಿಗೆ ಬೆರೆಸುವ ಕ್ಲೋರಿನೇಟರಿಗೂ ನಡುವೆ ಸೀಸದ ಒಂದು ವಾಷರ್ ಹಾಕುತ್ತೇವೆ. ಸಿಲಿಂಡರ್ ಬದಲಾಯಿಸಿದಾಗಲೆಲ್ಲ ಹೊಸದನ್ನೇ ಹಾಕಬೇಕು. ಒಮ್ಮೆ ಅದುಮಿಸಿಕೊಂಡ ಸೀಸ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಉಗ್ರಾಣದವರು ತಿಂಗಳಿಗೆ ಎರಡೇ ವಾಷರ್ ಎಂದು ಲೆಕ್ಕ ಕಟ್ಟಿದ್ದರು. ನಮಗೆ ಬೇಕಾಗುತ್ತಿದ್ದುದು ಐದು. ನಾವು ಹಳೆಯದನ್ನೇ ಸುತ್ತಿಗೆಯಿಂದ ತಟ್ಟಿ ಹಾಕುತ್ತಿದ್ದೆವು. ಒಂದು ಮುಂಜಾನೆ ಅದು ಸೋರಿತು. ಅಮೋನಿಯಾ ಅದ್ದಿದ ಬಟ್ಟೆಯನ್ನು ಹತ್ತಿರ ಹಿಡಿದರೆ ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ. ಅಂದು ಬಟ್ಟೆ ಬೇಕಾಗಿರಲಿಲ್ಲ, ಬಾಗಿಲಿನಲ್ಲೇ ಗಂಟಲು ಹಿಡಿಯಿತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ಆ ಕೋಣೆ ಕಟ್ಟಿದ ಪುಣ್ಯಾತ್ಮರು ಹೊಗೆ ಹೊರಹಾಕುವ ಫ್ಯಾನನ್ನು ಸೂರಿನ ಹತ್ತಿರ ಕೂರಿಸಿದ್ದರು. ಇಬ್ಬರು ಆಸ್ಪತ್ರೆ ಸೇರಿದೆವು, ನಾನೊಬ್ಬ. ಮರುವಾರವೇ ಉಗ್ರಾಣದಿಂದ ನೂರು ವಾಷರುಗಳ ಡಬ್ಬ ಬಂತು. ಆ ಡಬ್ಬ ಮೊದಲೇ ಬಂದಿದ್ದರೆ ಈ ಪತ್ರ ಬರೆಯುವಾಗ ನಾನು ನಡುನಡುವೆ ಕೆಮ್ಮುತ್ತಿರಲಿಲ್ಲವೇನೋ.

ಕೈಪಂಪುಗಳ ಕಾಲ ತಮ್ಮ ವಯಸ್ಸಿನವರಿಗೆ ನೆನಪಿರಲಿಕ್ಕಿಲ್ಲ. ಇಂಡಿಯಾ ಮಾರ್ಕ್-2 ಪಂಪು ಕೆಟ್ಟರೆ ತಾಲ್ಲೂಕಿನಿಂದ ಒಂದು ಗಾಡಿ ಬರುತ್ತಿತ್ತು. ಅದರಲ್ಲಿ ಪೈಪು ಎತ್ತುವ ಸಲಕರಣೆ, ಬಕೆಟ್ ವಾಷರುಗಳು, ಗ್ರೀಸು, ಇಬ್ಬರು ಮೆಕ್ಯಾನಿಕ್ಕುಗಳು. ಕೆಲವೊಮ್ಮೆ ತಡವಾಗಿ ಬರುತ್ತಿದ್ದರು, ಕೆಲವೊಮ್ಮೆ ಕೋಳಿ ಸಾರು ನಿರೀಕ್ಷಿಸುತ್ತಿದ್ದರು. ಆದರೆ ಕೆಟ್ಟ ಪಂಪಿಗೆ ಒಬ್ಬ ಒಡೆಯನಿದ್ದ, ಅವನು ಬರುವ ಗಾಡಿಯ ಬಣ್ಣ ಊರಿನ ಮಕ್ಕಳಿಗೂ ಗೊತ್ತಿತ್ತು. ಈಗ ಮನೆ ಮನೆಗೆ ನಲ್ಲಿ ಬಂದಿದೆ. ಜಲ ಜೀವನ್ ಮಿಷನ್ನಿನಿಂದ, ನಮ್ಮ ರಾಜ್ಯದ ಹೆಸರಿನಲ್ಲಿ ಹೇಳುವುದಾದರೆ ಮನೆ ಮನೆಗೆ ಗಂಗೆಯಿಂದ, ನನ್ನ ಅತ್ತಿಗೆ ಈ ವಯಸ್ಸಿನಲ್ಲಿ ಕೊಡ ಹೊರುವುದು ತಪ್ಪಿದೆ. ಅದಕ್ಕೆ ನಾನು ಕೃತಜ್ಞ, ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಆದರೆ ನಲ್ಲಿಗೆ ಹೆಚ್ಚು ಯಂತ್ರಗಳು ಬೇಕು, ಯಂತ್ರಗಳಿಗೆ ಹೆಚ್ಚು ವಾಷರುಗಳು ಬೇಕು. ಗಾಡಿ ಮಾತ್ರ ನಿಂತುಹೋಗಿದೆ.

ಹಣವಿಲ್ಲ ಎಂಬ ಉತ್ತರವನ್ನು ದಯಮಾಡಿ ಕೊಡಬೇಡಿ. 2021-26ರ ಅವಧಿಯ 15ನೇ ಹಣಕಾಸು ಆಯೋಗದಿಂದ ಪಂಚಾಯಿತಿಗಳಿಗೆ ಬಂದ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ್ದರು. ನಮ್ಮ ಪಂಚಾಯಿತಿಯಲ್ಲಿ ಆ ಹಣದಿಂದ ಹೊಸ ಪೈಪು ಹಾಕಿದರು, ಹೊಸ ಮೋಟಾರು ತಂದರು. ಹೊಸದಕ್ಕೆ ಕಲ್ಲು ನೆಡಬಹುದು, ಹೆಸರು ಕೆತ್ತಬಹುದು. ಡಯಾಫ್ರಮ್ಮಿನ ಮೇಲೆ ಹೆಸರು ಕೆತ್ತಲು ಜಾಗವಿಲ್ಲ.

ಈಗ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು.

ಡೋಸಿಂಗ್ ಪಂಪಿನ ನಿರ್ವಹಣೆ ಯಾರದು ಎಂಬುದನ್ನು ಒಂದು ಪುಟದ ಆದೇಶದಲ್ಲಿ ಬರೆದು ಪ್ರತಿ ಗ್ರಾಮ ಪಂಚಾಯಿತಿಗೂ ಕಳುಹಿಸಿ. ಗುತ್ತಿಗೆದಾರರದಾದರೆ ಎಷ್ಟು ದಿನದೊಳಗೆ ಬರಬೇಕು, ಬರದಿದ್ದರೆ ಯಾರ ಬಿಲ್ಲು ನಿಲ್ಲುತ್ತದೆ ಎಂಬುದೂ ಅದರಲ್ಲಿರಲಿ. ಪಂಚಾಯಿತಿಯದಾದರೆ, ಎರಡು ಮೂರು ಸಾವಿರದ ಬಿಡಿಭಾಗಕ್ಕೆ ದರಪಟ್ಟಿಗಳ ಹಿಂದೆ ಓಡದೆ ಕೊಳ್ಳುವ ಅಧಿಕಾರವನ್ನು ಪಿಡಿಒ ಅವರಿಗೆ ಸ್ಪಷ್ಟವಾಗಿ ಕೊಡಿ.

ತಾಲ್ಲೂಕಿಗೆ ಒಂದು ಬೀರು ಬೇಕು. ಹೌದು, ಬೀರು. ಅದರಲ್ಲಿ ಡಯಾಫ್ರಮ್ಮುಗಳು, ವಾಲ್ವುಗಳು, ಕೊಳವೆ, ಹೊಸ ಪರೀಕ್ಷಾ ಔಷಧ ಇರಲಿ. ಬೀಗದ ಕೈ ರಜೆ ಹಾಕುವವರ ಬಳಿ ಇರದಿರಲಿ. ಬೀರುವಿನ ಜೊತೆಗೆ ಒಬ್ಬ ಮೆಕ್ಯಾನಿಕ್, ಅವನಿಗೊಂದು ಮೋಟಾರ್ ಸೈಕಲ್ಲು. ತಿಂಗಳಿಗೊಮ್ಮೆ ಪ್ರತಿ ಪಂಪ್‌ಹೌಸಿಗೂ ಬಂದು, ಪಂಪು ನೆಟ್ಟಗಿದ್ದರೂ ಬಿಚ್ಚಿ ತೊಳೆದು ಹೋಗಬೇಕು. ಕೆಟ್ಟ ಮೇಲೆ ಬರುವವನು ನಮಗೆ ಬೇಕಾಗಿಲ್ಲ. ಅವನು ಬಂದಾಗ ಪಕ್ಕದಲ್ಲಿ ನೀರುಗಂಟಿಯನ್ನು ಕೂರಿಸಿಕೊಂಡು ಮಾಡಿದರೆ ಬೇರೆ ತರಬೇತಿ ಶಿಬಿರವೇ ಬೇಡ. ಮಧ್ಯಾಹ್ನದ ಊಟಕ್ಕೆಂದು ಸಹಿ ಹಾಕಿ ಎದ್ದು ಬರುವ ಶಿಬಿರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪೌಡರನ್ನೇ ಕೊಡುವುದಾದರೆ ಎರಡನೆಯ ತೊಟ್ಟಿ ಕೊಡಿ. ಮೋಟಾರಿನ ಸ್ಟಾರ್ಟರಿಗೆ ಪಂಪಿನ ತಂತಿ ಸೇರಿಸಿ. ನೀರುಗಂಟಿಗೆ ಕೈಗವಸು, ಕನ್ನಡಕ, ಮುಖಗವಸು ಕೊಡಿ. ಚೀಲ ಬಂದ ತಾರೀಖನ್ನು ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.

ಇನ್ನು ರಿಜಿಸ್ಟರ್. ಟ್ಯಾಂಕಿನ ಬುಡದಲ್ಲಿ ಬರೆಯುವುದನ್ನು ಬಿಟ್ಟು ಕಡೆಯ ಬೀದಿಯ ಕಡೆಯ ನಲ್ಲಿಯಲ್ಲಿ ಅಳೆದು ಬರೆಯುವಂತೆ ಮಾಡಿ. ಜಲ ಜೀವನ್ ಮಿಷನ್ನಿನಡಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ನಮ್ಮೂರಿನಲ್ಲೂ ಐವರು ಕಲಿತಿದ್ದಾರೆ, ಅವರ ಪೆಟ್ಟಿಗೆ ಅಂಗನವಾಡಿಯ ಅಟ್ಟದ ಮೇಲಿದೆ. ಕಡೆಯ ಬೀದಿಯ ಒಬ್ಬಾಕೆಯ ಕೈಗೆ ಆ ಪೆಟ್ಟಿಗೆಯನ್ನು ಕೊಟ್ಟು, ಪರೀಕ್ಷೆಗೆ ಇಷ್ಟು ಎಂದು ಸಂಭಾವನೆ ಗೊತ್ತುಮಾಡಿ. ಹಾಕುವವನೇ ಅಳೆಯುವವನಾಗಬಾರದು. ಮತ್ತು ಆಕೆ ಸೊನ್ನೆ ಬರೆದ ದಿನ ಯಾರಿಗೂ ನೋಟಿಸು ಹೋಗದಿರಲಿ; ಆ ಸೊನ್ನೆ ಮೆಕ್ಯಾನಿಕ್ಕಿನ ಮೊಬೈಲಿಗೆ ಹೋಗಲಿ. ತಪಾಸಣೆಗೆ ಬರುವವರು ಎಲ್ಲ ದಿನವೂ 0.5 ಇರುವ ರಿಜಿಸ್ಟರನ್ನು ನೋಡಿದರೆ ಮೆಚ್ಚಿ ಸಹಿ ಹಾಕುವ ಬದಲು ಅನುಮಾನ ಪಡುವಂತೆ ಹೇಳಿಕೊಡಿ. ನಿಜವಾಗಿ ಅಳೆದ ಅಂಕಿ ದಿನದಿನಕ್ಕೂ ಅಲುಗಾಡುತ್ತದೆ.

ಈ ಪತ್ರ ಪ್ರಕಟವಾದ ಮೇಲೆ ಊರು ಯಾವುದೆಂದು ಹುಡುಕುವುದು ಕಷ್ಟವಲ್ಲ. ಹುಡುಕಿ ಬಂದವರು ರಿಜಿಸ್ಟರನ್ನು ವಶಪಡಿಸಿಕೊಂಡು, ಸುಳ್ಳು ನಮೂದು ಎಂದು ನೀರುಗಂಟಿಯನ್ನು ಕೆಲಸದಿಂದ ತೆಗೆದರೆ, ಅವನ ಜಾಗಕ್ಕೆ ಬರುವವನು ಅವನಿಗಿಂತಲೂ ಬೇಗ 0.5 ಬರೆಯಲು ಕಲಿಯುತ್ತಾನೆ. ಇವನಿಗೆ ಪೈಪಿನ ಪ್ರತಿ ತಿರುವು, ಪ್ರತಿ ಸೋರಿಕೆ ಗೊತ್ತು. ಅವನನ್ನು ಉಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಪಂಪಿನ ಫುಟ್ ವಾಲ್ವನ್ನು ಪಿಡಿಒ ಅವರ ಮೌಖಿಕ ಅನುಮತಿ ಪಡೆದು ಬಿಚ್ಚಿ, ತೊಳೆದು, ಹಳೆಯ ಪೇಪರಿನಲ್ಲಿ ಸುತ್ತಿ ಪಂಚಾಯಿತಿ ಕಚೇರಿಯ ಬಲಗಡೆ ಕಪಾಟಿನಲ್ಲಿ ಇಟ್ಟಿದ್ದೇನೆ. ಸ್ವೀಕೃತಿ ಪಡೆದಿದ್ದೇನೆ. ಇಂಜೆಕ್ಷನ್ ವಾಲ್ವಿನ ಸುಣ್ಣವೂ ಬಿಟ್ಟಿದೆ. ಇನ್ನು ಬರಬೇಕಾದದ್ದು ಡಯಾಫ್ರಮ್ ಒಂದು, ಗುಂಡು ಸಮೇತ ವಾಲ್ವ್ ಎರಡು. ಪಂಪಿನ ಮಾದರಿ ಸಂಖ್ಯೆ ನನ್ನ ಮೂರನೆಯ ಅರ್ಜಿಯ ಎರಡನೆಯ ಪುಟದಲ್ಲಿದೆ. ಅವು ಬಂದ ದಿನ ತಮ್ಮ ಇಲಾಖೆಯ ಯಾರಾದರೂ ಒಬ್ಬರು ಬಂದು ಪಕ್ಕದಲ್ಲಿ ನಿಂತರೆ ಸಾಕು, ಸ್ಪ್ಯಾನರು ನನ್ನ ಬಳಿ ಇದೆ. ಸೋಮವಾರ ಸಂತೆ, ಆ ದಿನ ಬಿಟ್ಟು ಯಾವತ್ತಾದರೂ ಬರಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆಪರೇಟರ್, ನೀರು ಶುದ್ಧೀಕರಣ ಘಟಕ